ಉಮಕ್ಕನ ಹೆಸರಿನ ಮೀನು

ಮೊನ್ನೆ ಶನಿವಾರ ಕುಣಿಗಲ್ಲಿನಲ್ಲಿ ಕಾಲೇಜು ಮುಗಿಸಿ ರೂಮಿಗೆ ಹೋಗುತ್ತಿದ್ದವಳನ್ನು ಸೀಗಡಿಯ ವಾಸನೆ ಹಿಡಿದು ನಿಲ್ಲಿಸಿತು. ಮಳೆ ಆಗತಾನೆ ಬಿಟ್ಟಿತ್ತು. ಕೆರೆ ಕಡೆಗೆ ತಿರುಗುವ ರಸ್ತೆಯ ಪಕ್ಕ ಪುಟ್ಟಮ್ಮ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದು, ಐಸಿನ ಚೂರು ಸರಿಸಿ, ತಕ್ಕಡಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ದುಪಟ್ಟಾ ಮೂಗಿಗೆ ಹಿಡಿದು ದಾಟಿಕೊಂಡು ಹೋಗೋಣ ಅಂದುಕೊಂಡೆ. ಆಕೆ ಬಿಡಲಿಲ್ಲ.

“ಏನ್ ನಾಕ್ ಸೀಗಡಿ ಟೀಚರ್ರೇ, ಮೂರ್ ವರ್ಷದಿಂದ ಕಂಡೂ ಕಾಣ್ದಂಗೆ ಓಡಾಡ್ತೀರಲ್ಲ! ಬೆಕ್ಕು ಚೆನ್ನಾಗೈತಾ?”

“ಸತ್ತೋಯ್ತು ಪುಟ್ಟಮ್ಮ.”

“ಅಯ್ಯೋ ಪಾಪ. ನಾಕೇ ನಾಕ್ ಸೀಗಡಿ ತಿನ್ಕಂಡು ಎಷ್ಟ್ ದಿನಾಂತ ಬದುಕೀತು ಬುಡಿ.”

ಬೆಕ್ಕು ಇರಲೇ ಇಲ್ಲ. ಬೆಕ್ಕಿಗೆ ಅಂತ ಸುಳ್ಳು ಹೇಳಿ ವಾರಕ್ಕೆರಡು ಸಲ ನಾಲ್ಕು ಸೀಗಡಿ ಕೊಳ್ಳುತ್ತಿದ್ದೆ. ಅದಕ್ಕಿಂತ ಕಡಿಮೆ ಯಾರೂ ಅವಳ ಹತ್ತಿರ ಕೊಂಡವರಿಲ್ಲವಂತೆ. ಅದಕ್ಕೇ ಆ ಹೆಸರು. ನಮ್ಮದು ಚೇಳೂರು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಡಿಗ್ರಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡಾಗ ಕಪ್ಪೆ ಮುಟ್ಟಿ ಬಂದವಳು ಅಂತ ಅಮ್ಮ ಬಚ್ಚಲಲ್ಲಿ ತಲೆ ಮೇಲೆ ನೀರು ಸುರಿದೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಅಂಥ ಮನೆಯ ನಾನು ಸೀಗಡಿ ಕೊಂಡಿದ್ದು ಒಂದು ಮೀನಿಗಾಗಿ. ಬೆರಳುದ್ದದ ಮೀನು. ಅದು ಹುಟ್ಟಿದ್ದು ಎಲ್ಲೋ ಹವಳದ ದಿಬ್ಬದಲ್ಲಿ, ಬದುಕಿದ್ದು ತುಮಕೂರಿನ ಬಟವಾಡಿಯಲ್ಲಿ, ನನ್ನ ಅಕ್ಕನ ಮನೆಯ ಹಾಲ್‌ನಲ್ಲಿ.

ಆ ವರ್ಷ ಕುಣಿಗಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಅತಿಥಿ ಅನ್ನುವ ಹೆಸರು ಚೆನ್ನಾಗಿದೆ, ಯಾವಾಗ ಬೇಕಾದರೂ ಎದ್ದು ಹೋಗಿ ಅನ್ನಬಹುದು. ಉಮಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. “ರೂಮ್ ಗೀಮ್ ಏನೂ ಬ್ಯಾಡ, ನಮ್ಮನೇಲೇ ಇರು, ಹೆಬ್ಬೂರ್ ಮೇಲೆ ಬಸ್ಸು ಗಂಟೆಗೆ ಎಲ್ಡು ಅವೆ” ಅಂದಳು. ಆಷಾಢದ ಗಾಳಿ ಬೀಸುವಾಗ ಒಂದು ಸೂಟ್‌ಕೇಸು, ಒಂದು ಚೀಲ ಪುಸ್ತಕ ಹಿಡಿದು ಹೋದೆ. ಆಗ ಅಕ್ಕನಿಗೆ ನಾಲ್ಕನೇ ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಮೂರನೇ ತಿಂಗಳಲ್ಲೇ ಹೋಗಿತ್ತು. ನಾನು ಬಂದದ್ದು ಅವಳ ಸಹಾಯಕ್ಕೂ ಆಯಿತು ಅಂತ ಎಲ್ಲರೂ ಅಂದುಕೊಂಡರು. ಲೋಕೇಶ್ ಭಾವ ಟೈಲ್ಸ್ ಅಂಗಡಿಯಲ್ಲಿ ಮುಳುಗಿದವರು. ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನದು ಎಂದು ಮೊದಲ ದಿನವೇ ತೀರ್ಮಾನವಾಯಿತು.

ಆ ಮನೆಯ ಹಾಲ್‌ನಲ್ಲಿ, ಈಶಾನ್ಯ ಮೂಲೆಗೆ, ದೇವರ ಕೋಣೆಗೆ ತಾಗಿದಂತೆ ಐದಡಿಯ ಗಾಜಿನ ತೊಟ್ಟಿ ಇತ್ತು. ಮೀನು ತೊಟ್ಟಿ ಎಲ್ಲರ ಮನೆಯಲ್ಲೂ ಇರುತ್ತದೆ, ಇದು ಉಪ್ಪುನೀರಿನದು. ವಾಸ್ತು ನೋಡುವವರೊಬ್ಬರು ಬಂದು ಮನೆಗೆ ಕಂಟಕ ಇದೆ ಅಂದರಂತೆ. ಕೆರೆ ಮೀನು ತಡೆಯುವಷ್ಟು ಸಣ್ಣ ಕಂಟಕ ಅಲ್ಲ, ಸಮುದ್ರದ ಮೀನೇ ಆಗಬೇಕು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಿಡಬೇಕು, ಯಾರ ಮೀನು ಸಾಯುತ್ತದೋ ಅವರಿಗೆ ಬರುವುದನ್ನು ಅದು ಹೊತ್ತುಕೊಂಡು ಹೋಯಿತು ಅಂತ ತಿಳಿಯಬೇಕು ಅಂದರಂತೆ. ಬೆಂಗಳೂರಿನಿಂದ ಮೀನು ಬಂತು, ಉಪ್ಪಿನ ಡಬ್ಬ ಬಂತು, ಪಂಪು ಬಂತು. ದೇವರ ಮುಂದೆ ಚೀಟಿ ಎತ್ತಿ ಮೀನು ಹಂಚಿದರು. ಅಗಲವಾದ ಹಳದಿ ಮೀನು ಭಾವನ ಹೆಸರಿಗೆ. ಕಿತ್ತಳೆ ಬಣ್ಣದ ಜೋಡಿಯಲ್ಲಿ ಒಂದು ಅಕ್ಕನ ಅತ್ತೆ ಗಂಗಮ್ಮನವರಿಗೆ, ಒಂದು ಅಂಗಡಿಗೆ. ನೀಲಿ ಮೈಗೆ ಬಾಯಿಯಿಂದ ಬಾಲದವರೆಗೆ ಕಪ್ಪು ಪಟ್ಟೆ ಎಳೆದ, ಎಲ್ಲಕ್ಕಿಂತ ಸಣ್ಣದು ಉಮಕ್ಕನ ಹೆಸರಿಗೆ.

ನಗಬೇಡಿ. ನಾನು ಮೊದಲ ವಾರ ನಕ್ಕೆ. ಎರಡನೇ ವಾರ ಶಿರಾ ಗೇಟಿನ ಹತ್ತಿರ ಟೆಂಪೋ ಒಂದು ಭಾವನ ಬೈಕಿನ ಕನ್ನಡಿ ಕಿತ್ತುಕೊಂಡು ಹೋಯಿತು. ಭಾವನಿಗೆ ಒಂದು ಗೀರೂ ಆಗಲಿಲ್ಲ. ಮನೆಗೆ ಬಂದು ನೋಡಿದರೆ ಹಳದಿ ಮೀನು ತಳದಲ್ಲಿ ಅಡ್ಡ ಬಿದ್ದಿತ್ತು. ಗಂಗಮ್ಮನವರು ಅಳುತ್ತಾ ನಗುತ್ತಾ ಅದಕ್ಕೆ ಕೈಮುಗಿದರು. “ನೋಡ್ದೇನಮ್ಮಾ ಶೈಲಾ, ನಿಮ್ ಪುಸ್ತಕದಲ್ಲಿ ಬರ್ದವ್ರಾ ಇದ್ನ?” ಅಂದರು. ಬರೆದಿಲ್ಲ ಅತ್ತೆ ಅಂದೆ. ಆ ಮೀನು ಮೂರು ದಿನದಿಂದ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದುದನ್ನು ನಾನು ನೋಡಿದ್ದೆ, ಬೋರ್‌ವೆಲ್ ನೀರು ಸುರಿದದ್ದು ತಪ್ಪು ಅಂತ ಹೇಳಿಯೂ ಇದ್ದೆ. ಗಂಡ ಉಳಿದ ಮನೆಯಲ್ಲಿ ನೀರಿನ ಗಡಸುತನದ ಪಾಠ ಯಾರಿಗೆ ಬೇಕು.

ಹಳದಿ ಮೀನು ಹೋದದ್ದರಿಂದ ನಿಜವಾಗಿ ಕೆಟ್ಟದ್ದು ಅಕ್ಕನ ಮೀನಿಗೆ. ಅದರ ಕಸುಬೇ ಬೇರೆ. ಇಂಗ್ಲಿಷಿನಲ್ಲಿ ಕ್ಲೀನರ್ ರಾಸ್ ಅನ್ನುತ್ತಾರೆ, ಮಾರಿದವನು ಡಾಕ್ಟರ್ ಮೀನು ಅಂದಿದ್ದ. ಹವಳದ ದಿಬ್ಬದಲ್ಲಿ ಇದು ಒಂದು ಜಾಗ ಹಿಡಿದು ಕೂರುತ್ತದೆ. ದೊಡ್ಡ ದೊಡ್ಡ ಮೀನುಗಳು ಇದರ ಮುಂದೆ ಬಂದು ಸರದಿ ನಿಲ್ಲುತ್ತವೆ. ಇದು ಅವುಗಳ ಮೈಗೆ ಅಂಟಿದ ಹುಳ, ಸತ್ತ ಚರ್ಮ ಎಲ್ಲ ಕಿತ್ತು ತಿನ್ನುತ್ತದೆ. ಒಂದೇ ಗುಟುಕಿಗೆ ಇದನ್ನು ನುಂಗಬಲ್ಲ ಮೀನು ಬಾಯಿ ತೆರೆದು ಸುಮ್ಮನೆ ನಿಂತಿರುತ್ತದೆ, ಇದು ಒಳಗೆ ಹೋಗಿ ಹಲ್ಲು ಸಂದಿ ಚೊಕ್ಕ ಮಾಡಿ ಹೊರಗೆ ಬರುತ್ತದೆ. ದುಡಿದರೆ ಊಟ, ಇಲ್ಲದಿದ್ದರೆ ಉಪವಾಸ. ಬಟವಾಡಿಯ ತೊಟ್ಟಿಯಲ್ಲಿ ಅದಕ್ಕಿದ್ದ ಒಂದೇ ಗಿರಾಕಿ ಹಳದಿ ಮೀನು. ಕಿತ್ತಳೆ ಜೋಡಿ ಇದನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಬೇರೆ ಏನಾದರೂ ತಿನ್ನಿಸಬೇಕಲ್ಲ. ಅಂಗಡಿಯವನು ಮೀನಿನ ಜೊತೆಗೆ ಒಂದು ಡಬ್ಬ ಆಹಾರ ಕೊಟ್ಟಿದ್ದ. ಗಂಗಮ್ಮನವರು ಕನ್ನಡಕ ಹಾಕಿಸಿ ಭಾವನ ಕೈಯಲ್ಲಿ ಅದರ ಹಿಂಬದಿ ಓದಿಸಿದರು. ಒಣಮೀನಿನ ಪುಡಿ, ಸೀಗಡಿ ಪುಡಿ. ಡಬ್ಬ ಆ ಕ್ಷಣವೇ ಗೇಟಿನಾಚೆ ಹೋಯಿತು. “ಲಿಂಗಪೂಜೆ ಆಗೋ ಜಾಗದಿಂದ ನಾಕ್ ಮಾರು ದೂರ ಇಲ್ಲ. ನಮ್ಮನೆ ಸೇರಿದ್ ಮ್ಯಾಲೆ ನಮ್ಮನೆ ಊಟವೇ” ಅಂತ ತೀರ್ಪು ಕೊಟ್ಟರು. ಅಂದಿನಿಂದ ಮೀನುಗಳಿಗೆ ಬೇಯಿಸಿದ ಪಾಲಕ್, ಅನ್ನದ ಅಗುಳು, ಹಬ್ಬದ ದಿನ ಒಂದಿಷ್ಟು ಪಾಯಸದ ಶ್ಯಾವಿಗೆ. ಭಾವ ಎಲ್ಲಿಂದಲೋ ಹಸಿರು ಪಾಚಿಯ ಮಾತ್ರೆ ತಂದರು. ಕಿತ್ತಳೆ ಜೋಡಿ ಅದನ್ನು ತಿಂದುಕೊಂಡು ಹೇಗೋ ಇದ್ದವು. ಪಟ್ಟೆ ಮೀನು ಪಾಲಕ್ಕಿನ ಹತ್ತಿರ ಬಂದು, ನೋಡಿ, ಹಿಂದೆ ಸರಿಯುತ್ತಿತ್ತು.

ಯಾರು ಗಾಜಿನ ಹತ್ತಿರ ಹೋದರೂ ಅದು ಬಂದು ಬಾಲ ಎತ್ತಿ ಇಳಿಸಿ ಕುಣಿಯುತ್ತಿತ್ತು. ಬಂದವರೆಲ್ಲ ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಳ್ಳುತ್ತಿದ್ದರು. “ನಮ್ ಉಮನ್ ಮೀನು ಎಷ್ಟ್ ಖುಷಿಯಾಗೈತೆ ನೋಡಿ” ಅಂತ ಗಂಗಮ್ಮನವರು ತೋರಿಸುತ್ತಿದ್ದರು. ಅದು ಖುಷಿಯ ಕುಣಿತ ಅಲ್ಲ. ಗಿರಾಕಿಯನ್ನು ಕರೆಯುವ ರೀತಿ ಅದು. ಬನ್ನಿ, ಮೈ ಚೊಕ್ಕ ಮಾಡಿಕೊಡ್ತೀನಿ, ಹಸಿವಾಗ್ತಿದೆ ಅಂತ ಅರ್ಥ. ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಗಾಜು ಉಜ್ಜಲು ಕೈ ಒಳಗೆ ಹಾಕಿದರೆ ಉಪ್ಪಿಗೆ ಬಿರಿದ ನನ್ನ ಬೆರಳುಗಳ ಸಂದಿಗೆ ಬಂದು ಒಣ ಚರ್ಮ ಕುಟುಕುತ್ತಿತ್ತು. ಅದರ ಬೆನ್ನು ಚೂರಿಯ ಅಂಚಿನಂತೆ ಸಣ್ಣಗಾಗುತ್ತಾ ಬಂತು.

ಆಗಲೇ ಪುಟ್ಟಮ್ಮನ ಪೆಟ್ಟಿಗೆಯ ಮುಂದೆ ನಿಂತದ್ದು. ಕರುಣೆ ಅಂತ ಹೇಳಿಕೊಂಡರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಅದು ಹಟ. ಎಂ.ಎಸ್ಸಿ. ಮಾಡಿದವಳ ಮಾತಿಗೆ ಕಾಸಿನ ಬೆಲೆ ಇಲ್ಲದ ಮನೆಯಲ್ಲಿ, ನನಗೆ ಗೊತ್ತಿರುವುದು ಸರಿ ಅಂತ ಒಂದು ಜೀವದ ಮೇಲಾದರೂ ತೋರಿಸಬೇಕಿತ್ತು. ಸೀಗಡಿಯನ್ನು ಕಾಲೇಜಿನ ಲ್ಯಾಬಿನಲ್ಲೇ ಸುಲಿದು, ನುಣ್ಣಗೆ ಅರೆದು, ಅಲ್ಲಿನ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಒಂದು ದಿನದ ಪಾಲನ್ನು ಗಾಜಿನ ಸಣ್ಣ ಸೀಸೆಗೆ ತುಂಬಿ, ಐಸು ಹಾಕಿದ ಊಟದ ಡಬ್ಬಿಯಲ್ಲಿ ಮುಚ್ಚಿ ಬಸ್ಸು ಹತ್ತುತ್ತಿದ್ದೆ. ಮೊದಲ ವಾರ ಮೀನು ಅದನ್ನೂ ಮುಟ್ಟಲಿಲ್ಲ. ತೇಲಿ ಬಂದದ್ದನ್ನು ತಿನ್ನುವ ಅಭ್ಯಾಸ ಅದಕ್ಕಿಲ್ಲ, ಮೈಯಿಂದ ಕಿತ್ತು ತಿಂದೇ ಗೊತ್ತು. ಕೊನೆಗೆ ಭಾವನ ಅಂಗಡಿಯ ಒಂದು ಒಡೆದ ಟೈಲ್ಸ್ ಚೂರಿಗೆ ಅರೆದ ಸೀಗಡಿ ಸವರಿ, ನೀರಿನಲ್ಲಿ ನಿಲ್ಲಿಸಿದೆ. ಮೀನು ಬಂತು, ಆ ಟೈಲ್ಸಿನ ಸುತ್ತ ಒಂದು ಸುತ್ತು ಹಾಕಿತು, ಒಂದು ಸಲ ಕುಟುಕಿತು. ಮತ್ತೆ ಕುಟುಕಿತು. ಆಮೇಲೆ ಬಿಡಲೇ ಇಲ್ಲ. ಹಾಲ್‌ನಲ್ಲಿ ಯಾರೂ ಇರಲಿಲ್ಲ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟೆ. ಆ ವರ್ಷ ನನಗೆ ಸಿಕ್ಕ ಒಂದೇ ಸಂತೋಷ ಅದು, ಈಗಲೂ ಹಾಗೇ ಅನ್ನಿಸುತ್ತದೆ.

ಶ್ರಾವಣ ಪೂರ್ತಿ ಯಾರಿಗೂ ಗೊತ್ತಾಗಲಿಲ್ಲ. ಮೀನಿಗೆ ಮೈ ಬಂತು, ಪಟ್ಟೆ ಕಪ್ಪಾಯಿತು. ಪಾಲಕ್ ಹಿಡಿಸಿತು ಅಂತ ಗಂಗಮ್ಮನವರು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಕಂಡುಹಿಡಿದದ್ದು ಅಕ್ಕನ ಮೂಗು. ಬಸುರಿಯ ಮೂಗಿಗೆ ಯಾವುದನ್ನೂ ಮುಚ್ಚಿಡಲಾಗುವುದಿಲ್ಲ. ಒಂದು ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ನನ್ನ ಕೈ ಹಿಡಿದು ಮೂಸಿ ನೋಡಿದಳು. ಜಿನುಗು ಮಳೆ ಬರುತ್ತಿತ್ತು.

“ಏನೇ ಇದು ವಾಸ್ನೆ?”

ಹೇಳಿದೆ. ಮೊದಲು ಕಕ್ಕಿಕೊಳ್ಳುವ ಹಾಗೆ ಬಾಯಿ ಮುಚ್ಚಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನೀರಿನ ಟ್ಯಾಂಕಿನ ಕಟ್ಟೆಗೆ ಕೂತು ನನ್ನನ್ನೂ ಕೂರಿಸಿಕೊಂಡಳು.

“ಶೈಲು, ಅದಕ್ಕೆ ಏನೂ ಹಾಕ್ಬ್ಯಾಡ ಕಣೇ. ಅದು ಸಾಯ್ಲಿ.”

“ಅಕ್ಕ, ನೀನೂ ಇದನ್ನ ನಂಬ್ತೀಯಾ? ಹಸ್ಕೊಂಡು ಸಾಯೋ ಮೀನು ನಿನ್ನ ಕಂಟಕ ಹೆಂಗೆ ತಗೊಂಡೋಗುತ್ತೆ?”

“ನಂಗೆ ಗೊತ್ತಿಲ್ವಾ ಅದು ಯಾಕ್ ಸೊರಗ್ತೈತೆ ಅಂತ? ನಾನೇನ್ ದಡ್ಡಿನಾ? ಹೋದ್ ಎರಡು ಸಲ ನಿಮ್ ಪುಸ್ತಕದಲ್ಲಿ ಇದ್ದಿದ್ದೆಲ್ಲ ಮಾಡ್ದೆ. ಮಾತ್ರೆ ನುಂಗ್ದೆ, ಇಂಜೆಕ್ಷನ್ ಚುಚ್ಚಿಸ್ಕೊಂಡೆ, ಮಂಚ ಬುಟ್ಟು ಇಳೀಲಿಲ್ಲ. ಏನಾಯ್ತು ಹೇಳು? ಯಾಕ್ ಹಿಂಗಾಯ್ತು ಅಂದ್ರೆ ಡಾಕ್ಟರು ಕೆಲವು ಸಲ ಹಂಗಾಗುತ್ತೆ ಅಂದ್ರು. ನಿಮ್ ಭಾವನ ಮೀನು ಸತ್ತು ನಿಮ್ ಭಾವ ಉಳ್ದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ಮೀನು ಕಣೇ. ಇಷ್ಟುದ್ದ ಮೀನು.”

ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿಂದ ಮಗು ಒದೆಯಿತು. ಸೀಗಡಿ ವಾಸನೆಯ ಕೈಗೇ ಒದೆಯಿತು.

“ಭಾಷೆ ಕೊಡು.”

ಕೊಟ್ಟೆ. ಹಾಗೆ ಕೂತಾಗ ಯಾರು ತಾನೆ ಇಲ್ಲ ಅಂತಾರೆ? ಕೊಟ್ಟದ್ದನ್ನು ನಾಲ್ಕು ದಿನ ಉಳಿಸಿಕೊಂಡೆ. ಆ ನಾಲ್ಕು ದಿನವೂ ಸಂಜೆ ಹೊತ್ತಿಗೆ ಸರಿಯಾಗಿ ಮೀನು ಟೈಲ್ಸ್ ನಿಲ್ಲಿಸುತ್ತಿದ್ದ ಜಾಗಕ್ಕೆ ಬಂದು ಕುಣಿಯುತ್ತಿತ್ತು. ಐದನೇ ದಿನ ಪುಟ್ಟಮ್ಮನ ಹತ್ತಿರ ಹೋದೆ. ಆಮೇಲೆ ಕೈಯನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ತೊಳೆದುಕೊಂಡೇ ಅಕ್ಕನ ಹತ್ತಿರ ಸುಳಿಯುತ್ತಿದ್ದೆ. ಅಕ್ಕ ಮತ್ತೆ ಕೇಳಲಿಲ್ಲ. ನನ್ನ ಮಾತು ನಂಬಿದ್ದಾಳೆ ಅಂದುಕೊಂಡು ನಾಚಿಕೆಪಟ್ಟುಕೊಂಡೆ, ಆದರೆ ಸೀಸೆ ತರುವುದನ್ನು ನಿಲ್ಲಿಸಲಿಲ್ಲ.

ಚಿತ್ತಾ ಮಳೆ ಆ ವರ್ಷ ಹುಚ್ಚೆದ್ದು ಬಂತು. ಸಂಜೆಯಾದರೆ ಗುಡುಗು, ಬೆಳಗಾದರೆ ರಸ್ತೆ ತುಂಬ ಮುರಿದ ಕೊಂಬೆ. ಅಕ್ಕನಿಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಒಂದು ಬುಧವಾರ ಬಚ್ಚಲಲ್ಲಿ ಮುಖ ತೊಳೆಯುವಾಗ ಸೋಪಿನ ಡಬ್ಬಿಯಲ್ಲಿ ಅವಳ ಕಾಲುಂಗುರ ಇಟ್ಟಿರುವುದು ಕಂಡಿತು, ನಾಲ್ಕೂ. ಗಂಡನಿರುವ ಹೆಂಗಸು ಕಾಲುಂಗುರ ಬಿಚ್ಚಿಡುವುದಿಲ್ಲ, ಸೋಪು ಹಚ್ಚಿ ಎಳೆದು ತೆಗೆಯುವಷ್ಟು ಬೆರಳು ಊದಿಕೊಂಡಿದ್ದರೆ ಮಾತ್ರ ತೆಗೆಯುತ್ತಾಳೆ. ಇದು ತಿಳಿಯಲು ಜೀವಶಾಸ್ತ್ರ ಓದಬೇಕಿಲ್ಲ. ನಾನು ಓದಿದ್ದೆ, ಎಂಟನೇ ತಿಂಗಳ ಊತ, ತಲೆನೋವು ಯಾಕೆ ಬರಬಹುದು ಅಂತ ಪಾಠವನ್ನೂ ಮಾಡಿದ್ದೆ. ಸೋಪು ತೆಗೆದುಕೊಂಡು ಮುಖ ತೊಳೆದು ಹೊರಗೆ ಬಂದೆ, ಮೀನು ತಿಂದಿದೆಯಾ ಅಂತ ನೋಡುವ ಆತುರ.

ಮಾರನೇ ದಿನ ಗುರುವಾರ, ಡಾಕ್ಟರ ಹತ್ತಿರ ಹೋಗುವ ದಿನ. ಹತ್ತು ಗಂಟೆಗೆ ಆಟೋ ಹೇಳಿದ್ದೆ. ಗಂಗಮ್ಮನವರು ಗುಬ್ಬಿಯಲ್ಲಿ ಅಳಿಯನ ಹೊಸ ಮನೆಯ ಗೃಹಪ್ರವೇಶದ ತಯಾರಿಗೆ ಹೋಗಿದ್ದರು, ಭಾವ ಅಂಗಡಿಯಲ್ಲಿ. ಹಿಂದಿನ ಸಂಜೆಯ ಗಾಳಿಗೆ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಇನ್ವರ್ಟರ್ ಬೆಳಗಿನ ಎಂಟಕ್ಕೆ ಕೈಕೊಟ್ಟಿತು. ತೊಟ್ಟಿಯ ಪಂಪು ನಿಂತಿತು. ಸ್ವಲ್ಪ ಹೊತ್ತಿಗೆ ಮೂರೂ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು.

ನೀರಿಗೆ ಗಾಳಿ ಬೆರೆಸಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಸಾಯುತ್ತವೆ. ಸ್ಟೂಲ್ ಹತ್ತಿ ನಿಂತು, ಸ್ಟೀಲ್ ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆ. ಮೊಗೆಯುವುದು, ಸುರಿಯುವುದು. ಅಕ್ಕ ಸೀರೆ ಉಟ್ಟು ಫೈಲು ಹಿಡಿದು ಬಂದು ಸೋಫಾದ ಮೇಲೆ ಕೂತಳು. ಆಟೋದವನು ಎರಡು ಸಲ ಹಾರ್ನ್ ಹೊಡೆದ.

“ಅಕ್ಕ, ನಾಳೆ ಹೋಗೋಣ್ವಾ? ಕರೆಂಟು ಬಂದ್ ತಕ್ಷಣ ಹೊರಟ್ರೂ ಅಷ್ಟೊತ್ಗೆ ಡಾಕ್ಟರು ಸಿಗಲ್ಲ.”

“ಹೂಂ” ಅಂದಳು.

“ಏನೂ ತೊಂದ್ರೆ ಇಲ್ಲ ತಾನೆ?”

“ತಲೆ ಒಂದ್ ಸ್ವಲ್ಪ ನೋಯ್ತೈತೆ.”

“ರಾತ್ರಿ ಗುಡುಗಿಗೆ ನಿದ್ದೆ ಇಲ್ವಲ್ಲ, ಅದಕ್ಕೇ ಇರ್ಬೇಕು. ಮಲಕ್ಕೋ.”

ಆಟೋ ಹೋಯಿತು. ಮಧ್ಯಾಹ್ನ ಒಂದು ಗಂಟೆಯವರೆಗೆ ನಾನು ಸ್ಟೂಲಿನಿಂದ ಇಳಿಯಲಿಲ್ಲ. ಅಕ್ಕ ಮಲಗಲಿಲ್ಲ, ಅಲ್ಲೇ ಕೂತಿದ್ದಳು. ಭುಜ ಬಿದ್ದುಹೋಗುವ ಹಾಗಾಗಿತ್ತು. ಒಮ್ಮೆ ಅವಳೇ, “ಸಾಕು ಬುಡೇ ಶೈಲು, ಕೈ ನೋವು ಬರ್ತದೆ” ಅಂದಳು. ಇನ್ನೇನು ಕರೆಂಟು ಬರುತ್ತೆ ಅಂದೆ. ಕರೆಂಟು ಬಂತು, ಪಂಪು ಗುರ್ ಅಂದಿತು. ಗೆದ್ದೆ ಅಂತ ಅಕ್ಕನ ಕಡೆ ತಿರುಗಿ ನಕ್ಕೆ. ಅವಳು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು.

ನಾಳೆ ಅಂದದ್ದು ನಾಳೆ ಆಗಲಿಲ್ಲ. ಶುಕ್ರವಾರ ಬೆಳಗ್ಗೆ ಭಾವ ಅಕ್ಕನನ್ನು ಗುಬ್ಬಿಗೆ ಕರೆದುಕೊಂಡು ಹೋದರು. ಮನೆ ಸೊಸೆಯೇ ಹೋಗದಿದ್ದರೆ ಚೆನ್ನಾಗಿರುವುದಿಲ್ಲವಂತೆ. ನಾನು ಬೇಡ ಅನ್ನಬಹುದಿತ್ತು. ಅಂದಿದ್ದರೆ ನಿನ್ನೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತಿದ್ದರು. ಸೋಮವಾರ ಹೋದರಾಯಿತು ಅಂತ ನನಗೆ ನಾನೇ ಹೇಳಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಶನಿವಾರ ಮಧ್ಯಾಹ್ನ ಹೊಸ ಮನೆಯ ಅಂಗಳದಲ್ಲಿ ಎಲೆ ಹಾಕಿ ಊಟಕ್ಕೆ ಕೂತವರ ನಡುವೆ ಅಕ್ಕ ಕಣ್ಣು ಮಂಜಾಯಿತು ಅಂದಳಂತೆ, ಕೈಕಾಲು ಸೆಟೆದು ಫಿಟ್ಸ್ ಬಂತಂತೆ. ಗುಬ್ಬಿಯಿಂದ ತುಮಕೂರಿನ ಆಸ್ಪತ್ರೆಗೆ ಬರುವ ಹೊತ್ತಿಗೆ ಎರಡನೇ ಸಲ ಬಂದಿತ್ತು. ಅಕ್ಕನನ್ನು ಉಳಿಸಿದರು. ಮಗು ಗಂಡು. ಹೊರಗೆ ತೆಗೆಯುವಾಗಲೇ ಉಸಿರಿರಲಿಲ್ಲ.

ಹೊರಗೆ ಬಂದ ಡಾಕ್ಟರಮ್ಮ ಬಿ.ಪಿ. ಎಷ್ಟಿತ್ತು ಅಂತ ಹೇಳಿ, “ಗುರುವಾರ ಬರ್ಬೇಕಿತ್ತಲ್ಲ ಇವ್ರು, ಯಾಕ್ ಬರ್ಲಿಲ್ಲ? ಅವತ್ತೇ ಅಡ್ಮಿಟ್ ಮಾಡ್ಕೊಂಡಿರ್ತಿದ್ವಿ” ಅಂದರು. ಭಾವ ನನ್ನ ಮುಖ ನೋಡಿದರು. “ಕರೆಂಟ್ ಇರ್ಲಿಲ್ಲ” ಅಂದೆ. ಅದು ಉತ್ತರವೇ ಅಲ್ಲ. ಆದರೂ ಆ ಗಡಿಬಿಡಿಯಲ್ಲಿ ಯಾರೂ ಮತ್ತೆ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಮೂರನೇ ದಿನ ಅಕ್ಕ ಸರಿಯಾಗಿ ಕಣ್ಣು ಬಿಟ್ಟಳು. ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ಮಗುವಿನ ವಿಷಯ ಹಿಂದಿನ ದಿನವೇ ಹೇಳಿದ್ದರು. ನನ್ನ ಕಡೆ ತಿರುಗಿ, “ಶೈಲು, ನನ್ನ ಮೀನು?” ಅಂದಳು.

ಮೀನು ಚೆನ್ನಾಗಿತ್ತು. ಆ ಬೆಳಗ್ಗೆ ಬಟ್ಟೆ ತರಲು ಮನೆಗೆ ಹೋದಾಗ ಗಾಜಿನ ಹತ್ತಿರ ಬಂದು ಕುಣಿದಿತ್ತು. ಇದೆ ಅಂದರೆ ಅವಳಿಗೆ ಒಂದೇ ಅರ್ಥ, ಮೀನು ಹೊರಬೇಕಾದ್ದನ್ನು ಮಗು ಹೊತ್ತಿತು ಅಂತ. ಆ ಅರ್ಥ ಹೊತ್ತುಕೊಂಡು ಅವಳು ಆ ಮಂಚದಿಂದ ಏಳುತ್ತಾಳೆ ಅನ್ನುವ ಧೈರ್ಯ ನನಗಿರಲಿಲ್ಲ. ನನ್ನನ್ನು ಉಳಿಸಿಕೊಳ್ಳುವ ಆಸೆಯೂ ಇತ್ತು, ಯಾಕೆ ಸುಳ್ಳು ಹೇಳಲಿ.

“ಸತ್ತೋಯ್ತು ಅಕ್ಕ.”

“ಯಾವತ್ತು?”

“ಶನಿವಾರವೇ. ನಿನ್ನ ಇಲ್ಲಿಗೆ ತರೋ ಹೊತ್ಗೆ.”

ಅಕ್ಕ ಕಣ್ಣು ಮುಚ್ಚಿದಳು. ಎರಡೂ ಕಡೆಯಿಂದ ನೀರು ಇಳಿದು ಕಿವಿಗೆ ಹೋಯಿತು. “ಹಂಗಾದ್ರೆ ನನ್ ಜೀವಕ್ಕೇ ಬಂದಿತ್ತು ಕಣೇ. ಎಲ್ಡ್ ಕಂಟಕನೂ ಹೊತ್ಕಳಕ್ಕೆ ಅದ್ರ ಕೈಲಿ ಆಗ್ಲಿಲ್ಲ. ಪಾಪ, ಇಷ್ಟುದ್ದ ಮೀನು” ಅಂದಳು. ನನ್ನ ಕೈ ಹಿಡಿದು ಸವರಿದಳು. ನಾನು ಭಾಷೆ ಉಳಿಸಿಕೊಂಡೆ ಅಂತ ಇರಬೇಕು.

ಊಟ ತರುತ್ತೇನೆ ಅಂತ ಹೇಳಿ ಬಟವಾಡಿಗೆ ಹೋದೆ. ಗಂಗಮ್ಮನವರು ಒಳಗೆ ಮಲಗಿದ್ದರು. ತೊಟ್ಟಿಯ ಮುಚ್ಚಳ ತೆಗೆದು ಕೈ ಇಳಿಸಿದೆ. ಬಲೆ ಬೇಕಾಗಲಿಲ್ಲ. ಅದೇ ಬಂದು ಬೆರಳು ಕುಟುಕತೊಡಗಿತು. ಮಗ್ಗಿನಲ್ಲಿ ಹಿಡಿದು, ನೀರು ಬಸಿದು, ಮೇಲೆ ತಟ್ಟೆ ಮುಚ್ಚಿದೆ. ಒಳಗೆ ಸ್ಟೀಲಿಗೆ ಬಡಿಯುವ ಸಣ್ಣ ಸದ್ದು. ಸದ್ದು ನಿಲ್ಲುವವರೆಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ಆಮೇಲೆ ನೀರಿಗೆ ಹಾಕಿ ತೇಲಿಬಿಟ್ಟು ಅತ್ತೆಯನ್ನು ಕೂಗಿ, ಶನಿವಾರವೇ ಸತ್ತು ಪಂಪಿನ ಹಿಂದೆ ಸಿಕ್ಕಿಕೊಂಡಿತ್ತು ಅಂದೆ.

ಗಂಗಮ್ಮನವರು ಅದಕ್ಕೆ ವಿಭೂತಿ ಹಚ್ಚಿದರು. ಬಿಳಿ ಪಂಚೆಯ ಚೂರಿನಲ್ಲಿ ಸುತ್ತಿ, ಕಾಂಪೌಂಡಿನ ದಾಸವಾಳದ ಬುಡದಲ್ಲಿ ಕೈಯಾರೆ ಗುಂಡಿ ತೆಗೆದು ಮಣ್ಣು ಮಾಡಿದರು. “ನಮ್ ಸೊಸೆನ ಉಳಿಸ್ಕೊಟ್ಟೆ ತಾಯಿ” ಅಂತ ಅತ್ತರು. ಮಗುವನ್ನು ಗಂಡಸರು ಗುಬ್ಬಿ ಕಡೆಯ ತೋಟಕ್ಕೆ ತೆಗೆದುಕೊಂಡು ಹೋಗಿದ್ದರು, ಹೆಂಗಸರು ಯಾರೂ ಹೋಗಲಿಲ್ಲ. ಅದನ್ನು ಎಲ್ಲಿ ಮಣ್ಣು ಮಾಡಿದರು ಅಂತ ಅಕ್ಕನಿಗೂ ತೋರಿಸಿಲ್ಲ, ನನಗೂ ಗೊತ್ತಿಲ್ಲ. ಮೀನಿನ ಜಾಗ ಗೊತ್ತು.

ಆ ತಿಂಗಳೇ ಕುಣಿಗಲ್ಲಿನಲ್ಲಿ ರೂಮು ಮಾಡಿದೆ. ಓಡಾಟ ಕಷ್ಟ ಅಂತ ಕಾರಣ ಕೊಟ್ಟೆ. ಮೂರು ವರ್ಷದಲ್ಲಿ ಅಕ್ಕನ ಮನೆಗೆ ಹೋದದ್ದು ಹಬ್ಬಕ್ಕೆ, ಅದೂ ಊಟ ಮಾಡಿ ಎದ್ದು ಬರುವಷ್ಟು. ತೊಟ್ಟಿ ಹಾಗೇ ಇದೆ. ಮೀನು ಸಾಯುತ್ತವೆ, ಬೇರೆ ಬರುತ್ತವೆ, ಪ್ರತಿ ಸಾವಿಗೂ ಒಂದು ತಪ್ಪಿದ ಅಪಾಯ ಹುಡುಕಿದರೆ ಸಿಗುತ್ತದೆ. ಬಂದವರಿಗೆಲ್ಲ ಗಂಗಮ್ಮನವರು ಉಮಕ್ಕನ ಮೀನಿನ ಕಥೆ ಹೇಳುತ್ತಾರೆ, ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಹೌದು ಅತ್ತೆ ಅನ್ನುತ್ತೇನೆ. ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಬಾಯಿಯಲ್ಲೇ ಅನ್ನುತ್ತೇನೆ.

ಮೊನ್ನೆ ಪುಟ್ಟಮ್ಮ ಮಾತಾಡಿಸಿದ ಆ ಸಂಜೆಯೇ ಅಕ್ಕನ ಫೋನು ಬಂತು. ದನಿಯಲ್ಲೇ ಗೊತ್ತಾಯಿತು.

“ಶೈಲು, ಮೂರು ತುಂಬ್ತು ಕಣೇ. ಯಾರ್ಗೂ ಹೇಳಿಲ್ಲ ಇನ್ನೂ.”

“ಬಿ.ಪಿ. ನೋಡಿಸ್ತಿದೀಯಾ ಅಕ್ಕ?”

“ವಾರ ವಾರ. ಮಿಷನ್ನೇ ತಂದ್ಕೊಂಡಿದೀನಿ. ಅದಿರ್ಲಿ, ಒಂದು ಕೆಲ್ಸ ಆಗ್ಬೇಕು ನಿನ್ನಿಂದ. ನಿಮ್ ಭಾವ ಬೆಂಗಳೂರಿಂದ ಯಾವ್ಯಾವ್ದೋ ಬಣ್ಣದ್ದು ತರ್ತಾರೆ. ನಂಗೆ ಅದೇ ಥರದ್ದು ಬೇಕು, ಪಟ್ಟೆದು. ನಿಂಗಾದ್ರೆ ಗುರ್ತು ಸಿಗ್ತದೆ, ನೀನೇ ಹೋಗಿ ತಂದ್ಕೊಡು.”

ಕಿಟಕಿಯ ಹೊರಗೆ ಮತ್ತೆ ಮಳೆ ಹಿಡಿದಿತ್ತು. ಇನ್ನು ಮುಚ್ಚಿಡಲು ಆಗುವುದಿಲ್ಲ ಅನ್ನಿಸಿತು. ಒಂದನ್ನೂ ಬಿಡದೆ ಹೇಳಿದೆ. ಭಾಷೆ ಕೊಟ್ಟ ಐದನೇ ದಿನದಿಂದ ಮತ್ತೆ ತಿನ್ನಿಸಿದ್ದು, ಕಾಲುಂಗುರ ನೋಡಿಯೂ ಸುಮ್ಮನಿದ್ದದ್ದು, ಅವಳು ಕೇಳಿದ ದಿನ ಮೀನು ಬದುಕಿದ್ದದ್ದು, ಮಗ್ಗಿನ ಮೇಲೆ ತಟ್ಟೆ ಮುಚ್ಚಿ ಸಾಯಿಸಿದ್ದು. ಆ ಕಡೆ ಟಿ.ವಿ. ಸದ್ದು ಕೇಳುತ್ತಿತ್ತು, ಅದನ್ನು ಯಾರೋ ಆರಿಸಿದರು.

“ಯಾಕೆ ಸುಳ್ಳು ಹೇಳ್ತೀಯ ಶೈಲು? ತರಕ್ಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನು.”

“ಸುಳ್ಳಲ್ಲ ಅಕ್ಕ. ನಾನೇ ಸಾಯಿಸ್ದೆ.”

“ನೀನು ಅದನ್ನ ಸಾಯ್ಸೋಳಾ? ಅವತ್ತು ನಾನು ಸೋಫಾದಲ್ಲಿ ಕೂತು ನೋಡ್ತಾನೇ ಇದ್ನಲ್ಲೇ. ತಲೆ ಸಿಡೀತಿತ್ತು, ಕಣ್ಣೆಲ್ಲ ಮಂಜು. ಈಗ ತಿರುಗ್ತಾಳೆ, ಈಗ ತಿರುಗ್ತಾಳೆ ಅಂತ ಕಾಯ್ತಿದ್ದೆ. ಐದ್ ಗಂಟೆ ಹೊತ್ತು ನೀರು ಸುರಿದ್ಯಲ್ಲ, ಒಂದ್ ಸಲಿ ಈ ಕಡೆ ತಿರುಗ್ಲಿಲ್ಲ. ನನ್ನ ಬುಟ್ಟು ಅದನ್ನ ಉಳಿಸ್ಕೊಂಡೋಳು ಕಣೇ ನೀನು.”

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಬೆಂಗಳೂರಿಗೆ ಬೇರೆ ಯಾರನ್ನಾದರೂ ಕಳಿಸುತ್ತೇನೆ, ಭಾನುವಾರ ಊಟಕ್ಕೆ ಬಾ ಅಂತ ಹೇಳಿ ಫೋನ್ ಇಟ್ಟಳು.